ಅನುವಾದ ಪರದೆಗೆ ಮುಟ್ಟುವ ತನಕ: ಮುಕ್ತ ತಂತ್ರಾಂಶಕ್ಕೆ ಕನ್ನಡ ತರುವವರಿಗೆ ಒಂದು ಮಾರ್ಗದರ್ಶಿ

ಅನುವಾದದ ತಾಣದಲ್ಲಿ ಕನ್ನಡದ ಪಟ್ಟಿ ಪೂರ್ತಿ ಹಸಿರಾಗಿರುತ್ತದೆ, ನೂರಕ್ಕೆ ನೂರು ಎಂದು ತೋರಿಸುತ್ತದೆ. ಅದೇ ಆ್ಯಪನ್ನು ಗದಗಿನಲ್ಲಿ ಒಬ್ಬರ ಫೋನಿನಲ್ಲಿ ತೆರೆದರೆ ಎಲ್ಲವೂ ಇಂಗ್ಲಿಷ್. ಸ್ವಯಂಸೇವಕರು ತಿಂಗಳುಗಟ್ಟಲೆ ದುಡಿದ ಮೇಲೆ ಹೀಗಾದರೆ ತಂಡವೇ ಒಡೆದುಹೋಗುತ್ತದೆ. ಪರದೆಯ ಮೆನು, ಬಟನ್, ಸಂದೇಶಗಳ ಸಾಲುಗಳನ್ನು ಕನ್ನಡಕ್ಕೆ ತಂದರೆ ಅರ್ಧ ಕೆಲಸ ಆಯಿತು. ಅವು ಒಪ್ಪಿಗೆ ಪಡೆದು, ಮೂಲ ಕೋಡಿಗೆ ಸೇರಿ, ಹೊಸ ಆವೃತ್ತಿಯಲ್ಲಿ ಹೊರಬಂದು, ಊರಿನ ಯಂತ್ರಕ್ಕೆ ಇಳಿದು, ಆ ಯಂತ್ರದಲ್ಲಿ ಕನ್ನಡ ಆರಿಸಿದಾಗ ಕಾಣಬೇಕು. ಈ ಕೊಂಡಿಗಳಲ್ಲಿ ಒಂದು ಕಳಚಿದರೂ ಬಳಕೆದಾರರಿಗೆ ಏನೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ದಾರಿಯನ್ನು ಕೊನೆಯಿಂದ, ಅಂದರೆ ಪರದೆಯಿಂದ ಶುರುಮಾಡಿ ಹಿಂದಕ್ಕೆ ಹೇಳಿದ್ದೇವೆ.

ಮೊದಲು ಪರದೆ, ಆಮೇಲೆ ಪದ

ಯಾವ ತಂತ್ರಾಂಶ ಅನುವಾದಿಸಬೇಕೆಂದು ಯಾವುದೋ ಪಟ್ಟಿ ನೋಡಿ ಆರಿಸಬೇಡಿ. ನಿಮ್ಮೂರಿನಲ್ಲಿ ಯಾರಾದರೂ ದಿನವೂ ಮುಂದೆ ಕೂರುವ ಒಂದು ಪರದೆಯನ್ನು ಆರಿಸಿ. ಅದು ಹುಬ್ಬಳ್ಳಿಯ ಡಿಟಿಪಿ ಅಂಗಡಿಯಲ್ಲಿ ಕಾಗದಪತ್ರ ಮಾಡುವ ಲಿಬ್ರೆಆಫೀಸ್ ಇರಬಹುದು, ಧಾರವಾಡದ ಕಾಲೇಜು ಗ್ರಂಥಾಲಯದಲ್ಲಿ ಪುಸ್ತಕಗಳ ಲೆಕ್ಕ ನೋಡಿಕೊಳ್ಳುವ ಕೋಹಾ ಇರಬಹುದು, ಗದಗ ಜಿಲ್ಲೆಯ ಶಾಲೆಯೊಂದರ ಲ್ಯಾಬಿನ ಉಬುಂಟು (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಒಂದು ರೂಪ) ಇರಬಹುದು, ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವ ಗುಮಾಸ್ತರ ಆಂಡ್ರಾಯ್ಡ್ ಫೋನ್ ಇರಬಹುದು. ನಾಲ್ಕಕ್ಕೂ ಅನುವಾದ ಮುಟ್ಟುವ ದಾರಿ ಬೇರೆ ಬೇರೆ.

ಆ ಯಂತ್ರದ ಮುಂದೆ ಕೂತು ಇಷ್ಟನ್ನು ಬರೆದುಕೊಳ್ಳಿ: ತಂತ್ರಾಂಶದ ಹೆಸರು ಮತ್ತು ಆವೃತ್ತಿ, ಅದನ್ನು ಎಲ್ಲಿಂದ ಇನ್‌ಸ್ಟಾಲ್ ಮಾಡಿದ್ದಾರೆ, ಆಪರೇಟಿಂಗ್ ಸಿಸ್ಟಂ ಯಾವುದು ಮತ್ತು ಅದರ ಆವೃತ್ತಿ ಎಷ್ಟು, ಯಾರು ಅಪ್‌ಡೇಟ್ ಮಾಡುತ್ತಾರೆ, ಭಾಷೆಯನ್ನು ಈಗಲೇ ಕನ್ನಡಕ್ಕೆ ಬದಲಿಸಿದರೆ ಏನು ಕಾಣುತ್ತದೆ. ಕೊನೆಯದನ್ನು ಬಿಡಬೇಡಿ. ಎಷ್ಟೋ ಕಡೆ ಕನ್ನಡ ಆಗಲೇ ಇರುತ್ತದೆ, ಯಾರೂ ಆನ್ ಮಾಡಿರುವುದಿಲ್ಲ. ಫೈರ್‌ಫಾಕ್ಸ್‌ಗೂ ಲಿಬ್ರೆಆಫೀಸ್‌ಗೂ ಕನ್ನಡದ ಪರದೆ ಇದೆ. ವಿಂಡೋಸ್‌ನಲ್ಲಿ ಲಿಬ್ರೆಆಫೀಸ್ ಹಾಕುವಾಗ ಕಸ್ಟಮ್ ಆಯ್ಕೆಗೆ ಹೋಗಿ ಬಳಕೆದಾರರ ಪರದೆಯ ಭಾಷೆಗಳಲ್ಲಿ ಕನ್ನಡಕ್ಕೆ ಗುರುತು ಹಾಕಬೇಕು. ಲಿನಕ್ಸ್‌ನಲ್ಲಿ ಅದರ ಭಾಷಾ ಪ್ಯಾಕೇಜನ್ನು ಬೇರೆಯಾಗಿ ಹಾಕಬೇಕು. ಅಂಥ ಕಡೆ ಮೊದಲ ದಿನದ ಹತ್ತು ನಿಮಿಷದ ಕೆಲಸವೇ ಕೆಲವು ತಿಂಗಳ ಅನುವಾದಕ್ಕಿಂತ ಹೆಚ್ಚು ಜನಕ್ಕೆ ಉಪಯೋಗವಾಗುತ್ತದೆ.

ಯಂತ್ರಕ್ಕೆ ಇಳಿಯುವ ದಾರಿಗಳು, ಅಲ್ಲಿ ತಪ್ಪುವುದು

ಲ್ಯಾಬಿನ ಉಬುಂಟುವಿನಿಂದ ಶುರುಮಾಡೋಣ. ದೀರ್ಘಾವಧಿ ಬೆಂಬಲದ ಉಬುಂಟು ಎರಡು ವರ್ಷಕ್ಕೊಮ್ಮೆ ಏಪ್ರಿಲ್‌ನಲ್ಲಿ ಬರುತ್ತದೆ. ಶಾಲೆಗಳು ಒಮ್ಮೆ ಹಾಕಿದ್ದನ್ನು ಬೇಗ ಬದಲಿಸುವುದಿಲ್ಲ. ನೀವು ಇಂದು ಉಬುಂಟುವಿನ ಪರದೆ ನಡೆಸುವ ಗ್ನೋಮ್‌ಗೆ ಸೇರಿಸಿದ ಅನುವಾದ ಬರುವ ಮಾರ್ಚ್ ಅಥವಾ ಸೆಪ್ಟೆಂಬರ್ ಬಿಡುಗಡೆಯಲ್ಲಿ ಹೊರಬರುತ್ತದೆ, ಲ್ಯಾಬಿಗೆ ಮುಟ್ಟುವುದು ಅವರು ಮುಂದಿನ ದೀರ್ಘಾವಧಿ ಆವೃತ್ತಿ ಹಾಕಿದಾಗ. ಶಿಕ್ಷಕರಿಗೆ ಮಾತು ಕೊಡುವ ಮೊದಲು ಈ ಲೆಕ್ಕ ಹೇಳಿಬಿಡಿ. ಬೇಗ ಬೇಕೆಂದರೆ ಆ ಒಂದು ತಂತ್ರಾಂಶದ ಫ್ಲಾಟ್‌ಪ್ಯಾಕ್ ಆವೃತ್ತಿ, ಅಂದರೆ ಸಿಸ್ಟಂನ ಹೊಸ ಆವೃತ್ತಿಗೆ ಕಾಯದೆ ಬೇರೆಯಾಗಿ ಹಾಕುವ ರೂಪ, ಹಾಕಬಹುದು. ಆದರೆ ಫ್ಲಾಟ್‌ಪ್ಯಾಕ್ ಅನುವಾದಗಳನ್ನು ಬೇರೆ ತುಂಡಾಗಿ ಇಟ್ಟು, ಸಿಸ್ಟಂನಲ್ಲಿ ಇರುವ ಭಾಷೆಗಳನ್ನು ಮಾತ್ರ ಇಳಿಸಿಕೊಳ್ಳುತ್ತದೆ. ಸಿಸ್ಟಂ ಇಂಗ್ಲಿಷಿನಲ್ಲಿದ್ದಾಗ ಹಾಕಿದ ಆ್ಯಪ್ ಆಮೇಲೆ ಕನ್ನಡಕ್ಕೆ ಬದಲಿಸಿದರೂ ಇಂಗ್ಲಿಷಾಗಿಯೇ ಉಳಿಯಬಹುದು. ಅದರ ಭಾಷಾ ಪಟ್ಟಿಗೆ ಕನ್ನಡ ಸೇರಿಸಿ, ಮತ್ತೊಮ್ಮೆ ಅಪ್‌ಡೇಟ್ ಕೊಡಬೇಕು.

ಲಿನಕ್ಸ್‌ನಲ್ಲಿ ಇನ್ನೊಂದು ಕಾಣದ ತೊಡಕು ಲೊಕೇಲ್, ಅಂದರೆ ಯಂತ್ರದ ಭಾಷೆ ಮತ್ತು ದೇಶದ ಹೊಂದಿಕೆ. ಅನುವಾದದ ಕಡತ ಡಿಸ್ಕಿನಲ್ಲಿ ಸರಿಯಾಗಿಯೇ ಕೂತಿರುತ್ತದೆ, ಆದರೆ ಕನ್ನಡ–ಭಾರತ ಲೊಕೇಲನ್ನು ಯಂತ್ರದಲ್ಲಿ ಸೃಷ್ಟಿಸಿರುವುದಿಲ್ಲ. ಆಗ ಸಿಸ್ಟಂ ಅದರ ಮೂಲ ಲೊಕೇಲಿಗೆ ಜಾರುತ್ತದೆ, ಅನುವಾದದ ಕಡೆ ನೋಡುವುದೇ ಇಲ್ಲ. ಉಬುಂಟು ಸೇರಿದ ಡೆಬಿಯನ್ ಬಳಗದ ಯಂತ್ರಗಳಲ್ಲಿ ಲೊಕೇಲ್ಸ್ ಪ್ಯಾಕೇಜನ್ನು ಮರುಹೊಂದಿಸಿ, ಪಟ್ಟಿಯಲ್ಲಿ ಕನ್ನಡದ ಯುಟಿಎಫ್-8 ಸಾಲಿಗೆ ಗುರುತು ಹಾಕಿ, ಹೊರಬಂದು ಮತ್ತೆ ಲಾಗಿನ್ ಆಗಬೇಕು. ಅನುವಾದ ಕಾಣುತ್ತಿಲ್ಲ ಎಂದು ಯಾರಾದರೂ ಹೇಳಿದರೆ ಮೊದಲು ಪರಿಶೀಲಿಸಬೇಕಾದ್ದು ಇದು.

ಆಂಡ್ರಾಯ್ಡ್‌ನಲ್ಲಿ ತಪ್ಪುಗಳು ಬೇರೆ. ಆಂಡ್ರಾಯ್ಡ್ 13ರಿಂದ ಪ್ರತಿ ಆ್ಯಪಿಗೂ ಬೇರೆ ಭಾಷೆ ಆರಿಸಬಹುದು: ಸೆಟ್ಟಿಂಗ್ಸ್, ಆ್ಯಪ್ಸ್, ಆ ಆ್ಯಪ್, ಅಲ್ಲಿ ಭಾಷೆ. ನಮ್ಮ ಕಡೆ ಫೋನನ್ನು ಇಂಗ್ಲಿಷಿನಲ್ಲೇ ಇಟ್ಟು ಒಂದೆರಡು ಆ್ಯಪ್ ಮಾತ್ರ ಕನ್ನಡದಲ್ಲಿ ಬಯಸುವವರು ಬಹಳ ಇರುವುದರಿಂದ ಇದು ದೊಡ್ಡ ಅನುಕೂಲ. ಆದರೆ ಆ ಪಟ್ಟಿಯಲ್ಲಿ ಕನ್ನಡ ಬರಬೇಕಾದರೆ ಡೆವಲಪರ್ ತಮ್ಮ ಆ್ಯಪಿನ ಭಾಷಾ ಪಟ್ಟಿಯಲ್ಲಿ ಕನ್ನಡವನ್ನು ಹೆಸರಿಸಿರಬೇಕು. ಕೆಲವು ಆ್ಯಪುಗಳ ಬಿಲ್ಡ್ (ಕೋಡಿನಿಂದ ತಂತ್ರಾಂಶ ತಯಾರಿಸುವ ಹಂತ) ಸೆಟ್ಟಿಂಗಿನಲ್ಲಿ ‘ಇಷ್ಟೇ ಭಾಷೆ ಸೇರಿಸು’ ಎಂಬ ಜರಡಿ ಇರುತ್ತದೆ, ಅದರಲ್ಲಿ ಕನ್ನಡ ಇಲ್ಲದಿದ್ದರೆ ನೂರಕ್ಕೆ ನೂರು ಅನುವಾದವೂ ಹೊರಗೆ ಬೀಳುತ್ತದೆ. ಪ್ಲೇ ಸ್ಟೋರ್ ಬಂಡಲ್ ರೂಪದಲ್ಲಿ ಕೊಡುವ ಆ್ಯಪುಗಳು ಸಾಮಾನ್ಯವಾಗಿ ಫೋನಿನ ಭಾಷೆಗಳನ್ನು ಮಾತ್ರ ಇಳಿಸುತ್ತವೆ, ಹಾಗಾಗಿ ಆ್ಯಪಿನ ಒಳಗಿನ ಭಾಷಾ ಬಟನ್ ಒತ್ತಿದರೂ ಕನ್ನಡ ಸಿಗದೆ ಹೋಗಬಹುದು. ಫೋನಿನ ಭಾಷೆಗಳ ಪಟ್ಟಿಯಲ್ಲಿ ಎರಡನೆಯದಾಗಿ ಕನ್ನಡ ಸೇರಿಸಿಟ್ಟರೆ ಬಹುತೇಕ ಸರಿಹೋಗುತ್ತದೆ.

ಕೋಹಾ ವರ್ಷಕ್ಕೆ ಎರಡು ಸಲ, ಮೇ ಮತ್ತು ನವೆಂಬರ್‌ನಲ್ಲಿ, ಹೊಸ ಆವೃತ್ತಿ ತರುತ್ತದೆ, ನಡುವೆ ತಿಂಗಳಿಗೊಂದು ತಿದ್ದುಪಡಿ. ಅಲ್ಲಿ ಭಾಷೆಯನ್ನು ಸರ್ವರ್ ನೋಡಿಕೊಳ್ಳುವವರು ಇನ್‌ಸ್ಟಾಲ್ ಮಾಡಬೇಕು, ಆಮೇಲೆ ಸಿಸ್ಟಂ ಆದ್ಯತೆಗಳಲ್ಲಿ ಎರಡು ಕಡೆ ಆನ್ ಮಾಡಬೇಕು: ಓದುಗರು ಪುಸ್ತಕ ಹುಡುಕುವ ಪರದೆಗೆ ಒಂದು, ಸಿಬ್ಬಂದಿಯ ಪರದೆಗೆ ಇನ್ನೊಂದು. ನಮ್ಮ ಸಲಹೆ: ಓದುಗರ ಪರದೆಯನ್ನಷ್ಟೇ ಮೊದಲು ಹಿಡಿಯಿರಿ. ಅದರ ಸಾಲುಗಳು ಕಡಿಮೆ, ನೋಡುವವರು ಹೆಚ್ಚು.

ದಿನಾಂಕದಿಂದ ಹಿಂದಕ್ಕೆ ಎಣಿಸಿ

ನವೆಂಬರ್ 1ಕ್ಕೆ ರಾಜ್ಯೋತ್ಸವದ ಹುರುಪಿನಲ್ಲಿ ಅನುವಾದ ಶುರುಮಾಡುವ ತಂಡಗಳು ಬಹಳ. ಗ್ನೋಮ್‌ಗೆ ಅದು ಒಳ್ಳೆಯ ಸಮಯವೇ, ಮಾರ್ಚ್ ಬಿಡುಗಡೆಗೆ ನಾಲ್ಕು ತಿಂಗಳು ಸಿಗುತ್ತದೆ. ಬಿಡುಗಡೆಗೆ ಕೆಲವು ವಾರ ಮುಂಚೆ ‘ಸ್ಟ್ರಿಂಗ್ ಫ್ರೀಜ್’ ಘೋಷಣೆಯಾಗುತ್ತದೆ. ಅಂದರೆ ಇನ್ನು ಇಂಗ್ಲಿಷ್ ಮೂಲ ಬದಲಾಗುವುದಿಲ್ಲ, ಅನುವಾದಕರು ನೆಮ್ಮದಿಯಿಂದ ಮುಗಿಸಬಹುದು. ತಂಡದ ಎಲ್ಲರೂ ಬಿಡುವು ಮಾಡಿಕೊಳ್ಳಬೇಕಾದ ವಾರಗಳು ಅವು. ಲಿಬ್ರೆಆಫೀಸ್ ಫೆಬ್ರವರಿ ಮತ್ತು ಆಗಸ್ಟ್‌ನಲ್ಲಿ ಬರುತ್ತದೆ, ಫೈರ್‌ಫಾಕ್ಸ್ ನಾಲ್ಕು ವಾರಕ್ಕೊಮ್ಮೆ. ಆದ್ದರಿಂದ ಹೊಸ ತಂಡಕ್ಕೆ ಫಲ ಬೇಗ ಕಾಣಬೇಕೆಂದರೆ ಫೈರ್‌ಫಾಕ್ಸ್ ಅಥವಾ ಒಂದು ಸಣ್ಣ ಆಂಡ್ರಾಯ್ಡ್ ಆ್ಯಪ್ ಒಳ್ಳೆಯದು. 150ರಿಂದ 300 ಸಾಲಿನ ಆ್ಯಪ್ ಆರಿಸಿ. ಪರಿಶೀಲನೆಯೂ ಸೇರಿ ಗಂಟೆಗೆ 40 ಸಣ್ಣ ಸಾಲು ಎಂದು ಲೆಕ್ಕ ಹಿಡಿದರೆ, ನಾಲ್ಕು ಜನ ಎರಡು ಭಾನುವಾರ ಬೆಳಿಗ್ಗೆ ಕೂತರೆ ಮುಗಿಯುತ್ತದೆ.

ಗ್ನೋಮ್‌ನಲ್ಲಿ ಇನ್ನೊಂದು ಮಿತಿ ಇದೆ: ಪರದೆಯ ಸಾಲುಗಳಲ್ಲಿ ಕನಿಷ್ಠ ಶೇ. 80 ಅನುವಾದವಾದ ಭಾಷೆಯನ್ನು ಮಾತ್ರ ಅದು ಬೆಂಬಲಿತ ಭಾಷೆ ಎಂದು ಎಣಿಸುತ್ತದೆ. ಅಷ್ಟು ದೊಡ್ಡ ರಾಶಿಗೆ ಕೈಹಾಕುವ ಮೊದಲು ಪ್ರತಿದಿನ ಕಣ್ಣಿಗೆ ಬೀಳುವ ಭಾಗಗಳನ್ನು ಹಿಡಿಯಿರಿ: ಫೈಲ್ ನೋಡುವ ಆ್ಯಪ್, ಸೆಟ್ಟಿಂಗ್ಸ್, ಲಾಗಿನ್ ಪರದೆ, ಮೇಲಿನ ಪಟ್ಟಿ.

ಯೋಜನೆಯ ಬಾಗಿಲು

ಪ್ರತಿ ಯೋಜನೆಗೂ ಅನುವಾದದ ಅಧಿಕೃತ ಜಾಗ ಒಂದಿರುತ್ತದೆ. ಫೈರ್‌ಫಾಕ್ಸ್ ಮಾಡುವ ಮೊಜಿಲ್ಲಾಗೆ ಪಾಂಟೂನ್, ಗ್ನೋಮ್‌ಗೆ ‘ಡ್ಯಾಮ್ಡ್ ಲೈಸ್’ ಎಂಬ ತಾಣ, ವಿಕಿಪೀಡಿಯ ನಡೆಯುವ ಮೀಡಿಯಾವಿಕಿಗೆ ಟ್ರಾನ್ಸ್‌ಲೇಟ್‌ವಿಕಿ, ಲಿಬ್ರೆಆಫೀಸ್ ಮತ್ತು ಎಫ್-ಡ್ರಾಯ್ಡ್ (ಮುಕ್ತ ಆಂಡ್ರಾಯ್ಡ್ ತಂತ್ರಾಂಶಗಳು ಸಿಗುವ ತಾಣ) ಸೇರಿದಂತೆ ಬಹಳ ಯೋಜನೆಗಳಿಗೆ ವೆಬ್‌ಲೇಟ್. ಮೂಲದಲ್ಲೇ ಅನುವಾದಿಸಿ. ಉಬುಂಟುವಿನಂಥ ಯಾವುದೋ ಒಂದು ಲಿನಕ್ಸ್ ವಿತರಣೆಯ ಒಳಗಷ್ಟೇ ಸೇರಿಸಿದ ಸಾಲು ಆ ವಿತರಣೆಯವರಿಗೆ ಮಾತ್ರ ಸಿಗುತ್ತದೆ, ಮೂಲಕ್ಕೆ ಸೇರಿದ್ದು ಎಲ್ಲರಿಗೂ ಹರಿಯುತ್ತದೆ.

ಭಾಷೆಯ ಸಂಕೇತ ನೋಡಿಕೊಳ್ಳಿ. ಕನ್ನಡಕ್ಕೆ ಎರಡಕ್ಷರದ ಸಂಕೇತ ‘ಕೆ-ಎನ್’. ‘ಕೆ-ಎ’ ಎಂದು ಹಾಕಿದರೆ ಅದು ಜಾರ್ಜಿಯನ್ ಭಾಷೆ. ಕರ್ನಾಟಕ ಎಂಬ ಹೆಸರಿನ ಮೊದಲೆರಡು ಅಕ್ಷರ ನೆನಪಿಗೆ ಬಂದು ಈ ತಪ್ಪು ಆಗುತ್ತದೆ. ಕೆಲವು ಯೋಜನೆಗಳಲ್ಲಿ ಬರೀ ಕನ್ನಡ ಒಂದು, ‘ಕನ್ನಡ–ಭಾರತ’ ಇನ್ನೊಂದು ಎಂದು ಎರಡು ಸಾಲು ತೆರೆದಿರುತ್ತವೆ, ಕೆಲಸ ಎರಡಕ್ಕೂ ಹಂಚಿಹೋಗಿರುತ್ತದೆ. ದೇಶದ ಹೆಸರಿಲ್ಲದ್ದನ್ನು ಉಳಿಸಿಕೊಳ್ಳಿ, ಇನ್ನೊಂದರಲ್ಲಿರುವುದನ್ನು ಇಲ್ಲಿಗೆ ತಂದು, ಅದನ್ನು ಮುಚ್ಚಲು ಯೋಜನೆಯವರನ್ನು ಕೇಳಿ.

ಆಮೇಲೆ ಒಪ್ಪಿಗೆಯ ಪ್ರಶ್ನೆ. ಪಾಂಟೂನ್‌ನಲ್ಲಿ ಹೊಸಬರು ಬರೆದದ್ದು ‘ಸಲಹೆ’ಯಾಗಿ ನಿಲ್ಲುತ್ತದೆ, ಅಧಿಕಾರ ಇರುವವರು ಒಪ್ಪಿದ ಮೇಲೆಯೇ ಅನುವಾದ. ಗ್ನೋಮ್‌ನಲ್ಲಿ ಒಬ್ಬರು ಕಡತವನ್ನು ಕಾಯ್ದಿರಿಸಿ ಅನುವಾದಿಸಬೇಕು, ಇನ್ನೊಬ್ಬರು ತಿದ್ದಬೇಕು, ಮೂರನೆಯವರು ಕೋಡಿಗೆ ಸೇರಿಸಬೇಕು. ಕನ್ನಡ ತಂಡದ ಹಳೆಯ ಸಂಯೋಜಕರು ಕೆಲಸ ಬಿಟ್ಟು ವರ್ಷಗಳಾಗಿರುವುದೂ ಉಂಟು. ಸಾವಿರ ಸಲಹೆ ಹಾಕಿ ಕಾಯುವ ಮೊದಲು ಹತ್ತು ಸಲಹೆ ಹಾಕಿ, ಸಂಯೋಜಕರಿಗೆ ಮರ್ಯಾದೆಯಿಂದ ಬರೆಯಿರಿ: ನಾವು ಯಾರು, ಎಷ್ಟು ಜನ, ಯಾವ ಭಾಗ ಹಿಡಿದಿದ್ದೇವೆ. ಎರಡು ಮೂರು ವಾರ ಉತ್ತರ ಬರದಿದ್ದರೆ ಯೋಜನೆಯ ಅನುವಾದ ವಿಭಾಗದವರಿಗೆ ಅದೇ ಪತ್ರ ತೋರಿಸಿ ಅಧಿಕಾರ ಕೇಳಿ. ಹಿಂದಿನವರು ಬಳಸಿದ ಪದಗಳು ನಿಮಗೆ ಹಿಡಿಸದಿದ್ದರೂ ಬಂದ ಕೂಡಲೇ ಎಲ್ಲವನ್ನೂ ಬದಲಿಸಬೇಡಿ. ಅವರು ಒಬ್ಬೊಬ್ಬರೇ ಕೂತು ಆ ಕೆಲಸ ಮಾಡಿದವರು, ಮತ್ತು ಆ ಪದಗಳಿಗೆ ಒಗ್ಗಿದ ಬಳಕೆದಾರರು ಇದ್ದಾರೆ.

ವೆಬ್‌ಲೇಟ್‌ನಲ್ಲಿ ಬರೆದದ್ದು ತಕ್ಷಣ ಕೋಡಿಗೆ ಹೋಗುವುದಿಲ್ಲ. ಮೊದಲೇ ಇಟ್ಟಿರುವ ಹೊಂದಿಕೆಯಲ್ಲಿ 24 ಗಂಟೆ ತಡೆದು ಒಟ್ಟಿಗೆ ಕಮಿಟ್ ಮಾಡುತ್ತದೆ (ದಾಖಲಿಸುತ್ತದೆ), ಆಮೇಲೆ ಎಷ್ಟೋ ಯೋಜನೆಗಳಲ್ಲಿ ಅದು ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಕೋರಿಕೆ) ಆಗಿ ಡೆವಲಪರ್ ಮುಂದೆ ನಿಲ್ಲುತ್ತದೆ. ಅವರು ಸೇರಿಸಿಕೊಂಡರೇ ಎಂದು ನೋಡುವ ಜವಾಬ್ದಾರಿಯನ್ನು ತಂಡದಲ್ಲಿ ಒಬ್ಬರಿಗೆ ವಹಿಸಿ. ಆ ಒಬ್ಬರಿಗೆ ಒಳ್ಳೆಯ ಕನ್ನಡ ಬರುವುದಕ್ಕಿಂತ ಗಿಟ್ (ಕೋಡಿನ ಬದಲಾವಣೆಗಳ ಲೆಕ್ಕ ಇಡುವ ಸಾಧನ) ಬರುವುದು ಮುಖ್ಯ. ಅವರು ನೋಡಬೇಕಾದ ಇನ್ನೊಂದು ಸಣ್ಣ ಕಡತ ‘ಲಿಂಗ್ವಾಸ್’: ಗೆಟ್‌ಟೆಕ್ಸ್ಟ್ ಎಂಬ ಅನುವಾದದ ಸಾಧನ ಬಳಸುವ ಬಹಳ ಯೋಜನೆಗಳಲ್ಲಿ ಇದರಲ್ಲಿ ಕನ್ನಡದ ಸಂಕೇತ ಇಲ್ಲದಿದ್ದರೆ ಅನುವಾದದ ಕಡತ ಇದ್ದೂ ಬಿಲ್ಡ್ ಆಗುವುದಿಲ್ಲ.

ಪದಪಟ್ಟಿ: ‘ತೆಗೆ’ ಎಂದರೆ ಏನು?

ಮೊದಲ ಭೇಟಿಯಲ್ಲಿ ಒಂದು ಸಾಲನ್ನೂ ಅನುವಾದಿಸಬೇಡಿ. ಹಂಚಿಕೊಂಡ ಒಂದು ಶೀಟಿನಲ್ಲಿ ಪದೇಪದೇ ಬರುವ 100ರಿಂದ 150 ಪದ ಬರೆದು ಒಂದೊಂದಕ್ಕೂ ಒಂದೇ ಕನ್ನಡ ಗೊತ್ತುಮಾಡಿ. ಭಾರತೀಯ ಭಾಷೆಗಳಿಗಾಗಿ ಇದೇ ಉದ್ದೇಶಕ್ಕೆ ‘ಫ್ಯೂಯೆಲ್’ ಎಂಬ ಯೋಜನೆ ಪದಪಟ್ಟಿಗಳನ್ನು ಮಾಡಿದೆ. ಅದನ್ನೂ, ಈಗಾಗಲೇ ಇರುವ ಕನ್ನಡ ಗ್ನೋಮ್ ಮತ್ತು ಫೈರ್‌ಫಾಕ್ಸ್ ಪದಗಳನ್ನೂ ಪಕ್ಕದಲ್ಲಿಟ್ಟುಕೊಳ್ಳಿ.

ಧಾರವಾಡದ ಕಡೆಯವರಿಗೆ ವಿಶೇಷವಾಗಿ ಒಂದು ಮಾತು. ನಮ್ಮಲ್ಲಿ ‘ಬಾಗಲಾ ತಗಿ’ ಎಂದರೆ ಬಾಗಿಲು ತೆರೆ ಎಂದರ್ಥ, ‘ಪಟ್ಟಿಯಾಗಿಂದ ನನ್ನ ಹೆಸರು ತಗಿ’ ಎಂದರೆ ಹೆಸರು ಕಿತ್ತುಹಾಕು ಎಂದು. ಒಂದೇ ಕ್ರಿಯಾಪದ, ಎರಡು ವಿರುದ್ಧ ಕೆಲಸ. ಕಡತದ ಪಕ್ಕದ ಬಟನ್ ಮೇಲೆ ಬರೀ ‘ತೆಗೆ’ ಎಂದು ಬರೆದರೆ, ತೆರೆಯಲು ಹೋದವರು ಕಡತ ಕಳೆದುಕೊಳ್ಳುತ್ತಾರೆ. ಆದ್ದರಿಂದ ‘ಓಪನ್’ಗೆ ತೆರೆ, ‘ಡಿಲೀಟ್’ಗೆ ಅಳಿಸು, ‘ರಿಮೂವ್’ಗೆ ತೆಗೆದುಹಾಕು ಎಂದು ಬೇರೆ ಮಾಡಿ, ಬರಿಯ ‘ತೆಗೆ’ಯನ್ನು ಬಟನ್‌ಗಳಲ್ಲಿ ಪೂರ್ತಿ ಬಿಡಿ. ಚಾಲೂ, ಬಂದ್ ನಮಗೆ ಸಲೀಸು, ಆದರೆ ಇದೇ ಅನುವಾದ ಮಂಗಳೂರಿಗೂ ಚಾಮರಾಜನಗರಕ್ಕೂ ಹೋಗುತ್ತದೆ. ಬರಹದ ಕನ್ನಡದಲ್ಲಿ ಎಲ್ಲ ಕಡೆ ನಡೆಯುವ ಪದ ಇರಲಿ.

ಇಂಗ್ಲಿಷ್ ಪದ ಉಳಿಸಿಕೊಳ್ಳಬೇಕೇ ಬೇಡವೇ ಎಂಬ ಚರ್ಚೆಯಲ್ಲಿ ಇಡೀ ಭಾನುವಾರ ಹೋಗುತ್ತದೆ. ನಮ್ಮ ಅಳತೆ ಸರಳ: ಬಸ್ ಸ್ಟ್ಯಾಂಡಿನಲ್ಲಿ ಫೋನ್ ರಿಪೇರಿ ಅಂಗಡಿಯವರೂ ಗಿರಾಕಿಯೂ ಮಾತಾಡುವಾಗ ಯಾವ ಪದ ಬರುತ್ತದೋ ಅದು. ಪಾಸ್‌ವರ್ಡ್, ಬ್ಯಾಟರಿ, ಇಮೇಲ್ ಹಾಗೇ ಇರಲಿ. ಹುಡುಕು, ಅಳಿಸು, ಮುಂದೆ, ಹಿಂದೆ ಇವುಗಳಿಗೆ ಇಂಗ್ಲಿಷ್ ಬೇಕಿಲ್ಲ. ಒಂದು ವಿಷಯದಲ್ಲಿ ಮಾತ್ರ ಸಡಿಲ ಬಿಡಬೇಡಿ: ಮೆನುವಿನಲ್ಲಿ ‘ಕಡತ’, ಎಚ್ಚರಿಕೆಯಲ್ಲಿ ‘ಫೈಲ್’, ಸಹಾಯದಲ್ಲಿ ‘ದಸ್ತಾವೇಜು’ ಎಂದು ಬಂದರೆ ಓದುವವರು ಅವು ಮೂರು ಬೇರೆ ವಸ್ತುಗಳು ಎಂದುಕೊಳ್ಳುತ್ತಾರೆ.

ಸಾಲು ಕಟ್ಟುವಾಗ

ಮೊದಲು ಧ್ವನಿ. ಬಟನ್ ಒತ್ತುವವರು ಯಂತ್ರಕ್ಕೆ ಅಪ್ಪಣೆ ಕೊಡುತ್ತಾರೆ, ಅದಕ್ಕೆ ಏಕವಚನ: ಉಳಿಸು, ಕಳಿಸು, ಮುಚ್ಚು. ಯಂತ್ರ ಬಳಕೆದಾರರಿಗೆ ಹೇಳುವಾಗ ಬಹುವಚನದ ಮರ್ಯಾದೆ: ‘ಹೆಸರು ಬರೆಯಿರಿ’, ‘ಸ್ವಲ್ಪ ಕಾಯಿರಿ’. ಎರಡೂ ಬೆರೆತ ಪರದೆ ಓದಲು ಕಿರಿಕಿರಿ. ಒಬ್ಬ ವ್ಯಕ್ತಿ ಏನೋ ಮಾಡಿದರು ಎಂದು ಹೇಳುವ ಸಾಲಿನಲ್ಲಿ ಆ ವ್ಯಕ್ತಿ ಗಂಡೋ ಹೆಣ್ಣೋ ತಂತ್ರಾಂಶಕ್ಕೆ ಗೊತ್ತಿರುವುದಿಲ್ಲ, ಆದ್ದರಿಂದ ‘ಹಂಚಿಕೊಂಡಿದ್ದಾರೆ’ ಎಂದೇ ಬರೆಯಿರಿ.

ಕನ್ನಡದ ಅನುವಾದದಲ್ಲಿ ಅತಿ ಹೆಚ್ಚು ಕೆಡುವುದು ವಿಭಕ್ತಿ. ಸಾಲಿನ ನಡುವೆ ಒಂದು ಖಾಲಿ ಗುರುತು ಬರುತ್ತದೆ, ಶೇಕಡಾ ಚಿಹ್ನೆ ಮತ್ತು ಇಂಗ್ಲಿಷಿನ ಎಸ್ ಅಕ್ಷರ. ಚಾಲನೆಯಲ್ಲಿ ಅದರ ಜಾಗಕ್ಕೆ ಒಂದು ಹೆಸರು ಬಂದು ಕೂರುತ್ತದೆ. ಇಲ್ಲಿ ಅದನ್ನು %ಎಸ್ ಎಂದು ಬರೆಯುತ್ತೇವೆ, ಕಡತದಲ್ಲಿ ಮೂಲದಲ್ಲಿ ಇರುವಂತೆಯೇ ಇಡಬೇಕು. ಆ ಗುರುತಿಗೆ ನೇರವಾಗಿ ‘ಅನ್ನು’ ಅಂಟಿಸಿದರೆ ‘ವರದಿಅನ್ನು’, ‘ಮಂಜುಅನ್ನು’ ಎಂದು ಕಾಣುತ್ತದೆ. ಹೆಸರು ಯಾವ ಸ್ವರದಲ್ಲಿ ಮುಗಿಯುತ್ತದೋ ಮೊದಲೇ ಗೊತ್ತಾಗದಿರುವಾಗ ಸಂಧಿ ಕೂಡಿಸಲು ಸಾಧ್ಯವಿಲ್ಲ. ಗುರುತಿನ ನಂತರ ಒಂದು ಸಾಮಾನ್ಯ ನಾಮಪದ ಇಟ್ಟು, ವಿಭಕ್ತಿಯ ಭಾರವನ್ನು ಅದರ ಮೇಲೆ ಹಾಕಿ: ‘“%ಎಸ್” ಕಡತವನ್ನು ಅಳಿಸಬೇಕೇ?’, ‘“%ಎಸ್” ಫೋಲ್ಡರಿಗೆ ನಕಲಿಸಲಾಗಿದೆ’, ‘%ಎಸ್ ಅವರಿಗೆ ಕಳಿಸಲಾಗಿದೆ’. ಈ ಒಂದು ಅಭ್ಯಾಸ ತಂಡಕ್ಕೆ ಬಂದರೆ ಪರದೆಯ ಕನ್ನಡ ಅರ್ಧದಷ್ಟು ಸುಧಾರಿಸುತ್ತದೆ.

ಎರಡು ಗುರುತು ಇದ್ದಾಗ ಕನ್ನಡದಲ್ಲಿ ಅವುಗಳ ಕ್ರಮ ಬದಲಾಗುವುದು ಸಹಜ, ಕ್ರಿಯಾಪದ ಕೊನೆಗೆ ಬರುವುದರಿಂದ. ‘10ರಲ್ಲಿ 3’ ಎಂದು ಕನ್ನಡದಲ್ಲಿ ದೊಡ್ಡದು ಮೊದಲು, ಇಂಗ್ಲಿಷಿನಲ್ಲಿ ಸಣ್ಣದು ಮೊದಲು. ಗುರುತುಗಳಿಗೆ ಕ್ರಮಸಂಖ್ಯೆ ಕೊಡದೆ ಸುಮ್ಮನೆ ಅದಲುಬದಲು ಮಾಡಿದರೆ ‘3ರಲ್ಲಿ 10’ ಎಂದು ಕಾಣುತ್ತದೆ. ಒಂದು ಗುರುತು ಅಕ್ಷರಕ್ಕೆ, ಇನ್ನೊಂದು ಸಂಖ್ಯೆಗೆ ಇದ್ದರೆ ತಂತ್ರಾಂಶವೇ ಕುಸಿಯಬಹುದು. ಶೇಕಡಾ ಚಿಹ್ನೆಯ ನಂತರ ಸ್ಥಾನದ ಅಂಕಿ, ಡಾಲರ್ ಚಿಹ್ನೆ, ಆಮೇಲೆ ಅಕ್ಷರ: ಇದು ಸುರಕ್ಷಿತ ಕ್ರಮ. ಆಂಡ್ರಾಯ್ಡ್ ಕಡತವನ್ನು ಕೈಯಿಂದಲೇ ತಿದ್ದುವವರು ಒಂಟಿ ಉದ್ಧರಣ ಚಿಹ್ನೆಯ ಹಿಂದೆ ಹಿಮ್ಮುಖ ಓರೆಗೆರೆ ಹಾಕುವುದನ್ನೂ ಮರೆಯಬಾರದು, ಇಲ್ಲದಿದ್ದರೆ ಬಿಲ್ಡ್ ನಿಲ್ಲುತ್ತದೆ.

ಬಹುವಚನಕ್ಕೆ ಕನ್ನಡದಲ್ಲಿ ಎರಡು ರೂಪ. ಇಲ್ಲಿ ಒಂದು ಸೂಕ್ಷ್ಮ ಇದೆ: ಆಂಡ್ರಾಯ್ಡ್ ಮೊದಲಾದವು ಅನುಸರಿಸುವ ಯೂನಿಕೋಡ್ ನಿಯಮದಲ್ಲಿ ಕನ್ನಡದ ‘ಒಂದು’ ಎಂಬ ರೂಪ 1ಕ್ಕೆ ಮಾತ್ರವಲ್ಲ, 0ಗೂ ಬಳಕೆಯಾಗುತ್ತದೆ. ‘ಒಂದು ಸಂದೇಶ ಇದೆ’ ಎಂದು ಅಕ್ಷರದಲ್ಲಿ ಬರೆದರೆ, ಏನೂ ಇಲ್ಲದಿರುವಾಗಲೂ ಪರದೆ ಒಂದು ಸಂದೇಶ ಇದೆ ಎನ್ನುತ್ತದೆ. ಎರಡೂ ರೂಪದಲ್ಲಿ ಸಂಖ್ಯೆಯ ಗುರುತನ್ನೇ ಇಡಿ. ಅಂಕಿಗಳು 0–9 ಆಗಿಯೇ ಇರಲಿ, ಯೂನಿಕೋಡ್‌ನ ಲೊಕೇಲ್ ದತ್ತಾಂಶವೂ ಕನ್ನಡಕ್ಕೆ ಮೊದಲ ಆಯ್ಕೆಯಾಗಿ ಅದನ್ನೇ ಇಟ್ಟಿದೆ.

ಸಂದರ್ಭ ನೋಡದೆ ಒಂಟಿ ಪದ ಅನುವಾದಿಸಬೇಡಿ. ‘ಫ್ರೀ’ ಎಂದಿದ್ದರೆ ಡಿಸ್ಕಿನಲ್ಲಿ ಖಾಲಿ, ಬೆಲೆಯಲ್ಲಿ ಉಚಿತ, ಪರವಾನಗಿಯಲ್ಲಿ ಮುಕ್ತ. ‘ರೈಟ್’ ಬಲವೋ ಸರಿಯೋ ಹಕ್ಕೋ, ‘ಮೇ’ ತಿಂಗಳೋ ಅನುಮತಿಯೋ, ‘ಹೋಮ್’ ಕೀಲಿಯೋ ಮುಖಪುಟವೋ. ಡೆವಲಪರ್ ಬರೆದ ಟಿಪ್ಪಣಿ ಮತ್ತು ಸಾಲು ಯಾವ ಕಡತದಿಂದ ಬಂದಿದೆ ಎಂಬ ವಿವರ ಅನುವಾದ ಪೆಟ್ಟಿಗೆಯ ಪಕ್ಕದಲ್ಲೇ ಇರುತ್ತದೆ. ಅಲ್ಲಿಗೂ ತಿಳಿಯದಿದ್ದರೆ ಅಲ್ಲೇ ಪ್ರಶ್ನೆ ಹಾಕಿ ಬಿಡಿ. ಯಂತ್ರಾನುವಾದ ಎಡವುವುದೂ ಇಲ್ಲೇ. ಅದನ್ನು ಕರಡಾಗಿ ನೋಡಬಹುದು, ಆದರೆ ಓದದೆ ಒಪ್ಪಿದ ಸಾವಿರ ಸಾಲು ಹಾಕಿದರೆ ಮುಂದೆ ಬರುವವರು ಅದನ್ನು ಹುಡುಕಿ ಕೀಳಲು ಇನ್ನೂ ಹೆಚ್ಚು ದಿನ ಬೇಕು. ಬೇರೆ ಕಂಪನಿಯ ಮಾಲೀಕತ್ವದ ತಂತ್ರಾಂಶದಿಂದ ಕನ್ನಡ ಸಾಲುಗಳನ್ನು ನಕಲಿಸಲೇಬೇಡಿ, ಅದು ಪರವಾನಗಿಯ ಉಲ್ಲಂಘನೆ.

ಮೆನುಗಳಲ್ಲಿ ಯಾವ ಕೀಲಿ ಒತ್ತಿದರೆ ಆ ಆಯ್ಕೆ ಸಿಗುತ್ತದೆ ಎಂಬುದರ ಗುರುತಾಗಿ, ಗ್ನೋಮ್ ಪರದೆ ಕಟ್ಟುವ ಜಿಟಿಕೆಯಲ್ಲಿ ಅಡಿಗೆರೆ, ಅಂಥದೇ ಇನ್ನೊಂದು ಸಾಧನವಾದ ಕ್ಯೂಟಿಯಲ್ಲಿ ‘&’, ಲಿಬ್ರೆಆಫೀಸ್‌ನಲ್ಲಿ ‘~’ ಬರುತ್ತದೆ. ಕನ್ನಡ ಅಕ್ಷರದ ಮಧ್ಯೆ ಅದನ್ನು ತುರುಕಿದರೆ ಅಕ್ಷರ ಒಡೆಯಬಹುದು. ಪದದ ಕೊನೆಗೆ ಆವರಣದಲ್ಲಿ ಆ ಗುರುತು ಮತ್ತು ಮೂಲದ ಇಂಗ್ಲಿಷ್ ಅಕ್ಷರ ಇಡುವುದು ಕನ್ನಡ ಗ್ನೋಮ್‌ನಲ್ಲಿ ಬಂದ ರೂಢಿ.

ಅಕ್ಷರ ಟೈಪಿಸುವಲ್ಲಿ

ಹುಬ್ಬಳ್ಳಿ, ಗದಗಿನ ಮುದ್ರಣ ಕೆಲಸದಲ್ಲಿ ಪಳಗಿದವರು ತಂಡಕ್ಕೆ ಬಂದರೆ ದೊಡ್ಡ ಬಲ, ಅವರ ವೇಗ ಮತ್ತು ಕಾಗುಣಿತ ಉಳಿದವರಿಗೆ ಇರುವುದಿಲ್ಲ. ಆದರೆ ಹಳೆಯ ‘ನುಡಿ’ ಅಥವಾ ‘ಬರಹ’ ತಂತ್ರಾಂಶದ ಆಸ್ಕಿ (ಯೂನಿಕೋಡ್ ಅಲ್ಲದ) ಫಾಂಟಿನಲ್ಲಿ ಟೈಪಿಸಿದ್ದನ್ನು ತಂದು ಅಂಟಿಸಿದರೆ ಬೇರೆ ಯಂತ್ರದಲ್ಲಿ ಅದು ಅರ್ಥವಿಲ್ಲದ ಲ್ಯಾಟಿನ್ ಅಕ್ಷರವಾಗುತ್ತದೆ. ಪರಿವರ್ತಕದಲ್ಲಿ ಹಾಯಿಸಿ ಯೂನಿಕೋಡ್ ಮಾಡಿ, ಒಮ್ಮೆ ಓದಿ. ಮುಂದಕ್ಕೆ ಅದೇ ಬೆರಳಿನ ಅಭ್ಯಾಸ ಉಳಿಸಿಕೊಳ್ಳಲು ಲಿನಕ್ಸ್‌ನ ಕೀಲಿಮಣೆ ಪಟ್ಟಿಯಲ್ಲಿ ‘ಕನ್ನಡ, ಕಗಪ’ ವಿನ್ಯಾಸ ಸಿಗುತ್ತದೆ.

ಕಣ್ಣಿಗೆ ಸರಿ, ಯಂತ್ರಕ್ಕೆ ತಪ್ಪು ಎನ್ನುವ ದೋಷಗಳು ಕೆಲವು. ಅನುಸ್ವಾರದ ಬದಲು ಕನ್ನಡದ ಸೊನ್ನೆ ೦ ಟೈಪಿಸುವುದು ಮೊದಲನೆಯದು. ‘ಕ೦ಪ್ಯೂಟರ್’ ನೋಡಲು ಸರಿಯಾಗಿಯೇ ಇದ್ದರೂ ಹುಡುಕಾಟದಲ್ಲಿ ಸಿಗುವುದಿಲ್ಲ. ಅನುವಾದ ತಾಣದ ಹುಡುಕು ಪೆಟ್ಟಿಗೆಯಲ್ಲಿ ೦ ಹಾಕಿ ಬಂದದ್ದನ್ನೆಲ್ಲ ತಿದ್ದಿ. ವಿಸರ್ಗದ ಜಾಗದಲ್ಲಿ ಎರಡು ಚುಕ್ಕಿಯ ವಿರಾಮಚಿಹ್ನೆ ಎರಡನೆಯದು. ಮೂರನೆಯದು ಸೇರಿಕೆ ತಡೆಯುವ ಕಾಣದ ಅಕ್ಷರ: ‘ಸಾಫ್ಟ್‌ವೇರ್’ ಎಂಬಲ್ಲಿ ಟ್ ನಂತರ ಅದು ಇಲ್ಲದಿದ್ದರೆ ವ ಒತ್ತಕ್ಷರವಾಗಿ ‘ಸಾಫ್ಟ್ವೇರ್’ ಆಗುತ್ತದೆ. ಹಾಗೆಯೇ ‘ರ‍್ಯಾಮ್’ ಬರೆಯಲು ರ ಆದ ತಕ್ಷಣ, ಹಲಂತಕ್ಕೆ ಮೊದಲು, ಸೇರಿಸುವ ಕಾಣದ ಅಕ್ಷರ ಬೇಕು, ಇಲ್ಲದಿದ್ದರೆ ಅರ್ಕಾವತ್ತು ಬಂದು ‘ರ್ಯಾಮ್’ ಆಗುತ್ತದೆ. ‘ಕೊ’, ‘ಕೋ’ಗಳ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿ ಇಡಿ. ತುಂಡು ತುಂಡಾಗಿ ಟೈಪಿಸಿದರೆ ಕಾಣುವುದು ಒಂದೇ ರೀತಿ, ಹೋಲಿಸುವಾಗ ಬೇರೆ ಪದ.

ಒತ್ತಕ್ಷರಗಳು ಕೆಳಗೆ ಇಳಿಯುವುದರಿಂದ ಇಂಗ್ಲಿಷಿನ ಎತ್ತರಕ್ಕೆ ಮಾಡಿದ ಬಟನ್‌ನಲ್ಲಿ ‘ರಾಷ್ಟ್ರ’, ‘ಶಾಸ್ತ್ರ’ದಂಥವು ಕತ್ತರಿಸಿಹೋಗುತ್ತವೆ. ಅದನ್ನು ಪದ ಬದಲಿಸಿ ಮುಚ್ಚಿಹಾಕಬೇಡಿ. ಪರದೆಯ ಚಿತ್ರದೊಡನೆ ಡೆವಲಪರಿಗೆ ದೋಷ ವರದಿ ಹಾಕಿ, ಫಾಂಟಿನ ಹೆಸರೂ ಬರೆಯಿರಿ. ನೋಟೋ ಸ್ಯಾನ್ಸ್ ಕನ್ನಡ, ಲೋಹಿತ್, ಗುಬ್ಬಿ ಈ ಮೂರರಲ್ಲೂ ನೋಡಿದ್ದೇವೆ ಎಂದಿದ್ದರೆ ವರದಿಗೆ ತೂಕ ಬರುತ್ತದೆ.

ಒಪ್ಪಿಸುವ ಮೊದಲು, ಒಪ್ಪಿಸಿದ ಮೇಲೆ

ಪಿಒ ಕಡತವಾದರೆ, ಅಂದರೆ ಗೆಟ್‌ಟೆಕ್ಸ್ಟ್ ಬಳಸುವ ಅನುವಾದದ ಕಡತವಾದರೆ, ಗೆಟ್‌ಟೆಕ್ಸ್ಟ್‌ನ ತಪಾಸಣೆಯಲ್ಲಿ ಹಾಯಿಸಿ. ಇಂಥ ಕಡತ ತಿದ್ದುವ ಪೊಎಡಿಟ್ ತಂತ್ರಾಂಶದಲ್ಲಿ ಉಳಿಸುವಾಗಲೂ ಬಿಟ್ಟುಹೋದ ಗುರುತು, ತಪ್ಪಿದ ಬಹುವಚನ ಕಾಣುತ್ತವೆ. ಇಂಟರ್‌ನೆಟ್ ನಂಬಿಕೆಗಿಲ್ಲದ ಹಳ್ಳಿಯವರು ಕಡತ ಇಳಿಸಿಕೊಂಡು ಪೊಎಡಿಟ್‌ನಲ್ಲೇ ಕೆಲಸ ಮುಗಿಸಿ, ಪಟ್ಟಣಕ್ಕೆ ಬಂದಾಗ ಏರಿಸಬಹುದು. ಆದರೆ ಆ ನಡುವೆ ಬೇರೊಬ್ಬರು ಅದೇ ಕಡತ ಮುಟ್ಟದಂತೆ ಮೊದಲೇ ಹೇಳಿರಬೇಕು.

‘ಫಜಿ’ ಎಂಬ ಗುರುತನ್ನು ಎಲ್ಲರಿಗೂ ವಿವರಿಸಿ. ಇಂಗ್ಲಿಷ್ ಮೂಲದಲ್ಲಿ ಒಂದು ಪದ ಬದಲಾದರೆ ಗೆಟ್‌ಟೆಕ್ಸ್ಟ್ ಹಳೆಯ ಕನ್ನಡವನ್ನು ಉಳಿಸಿ ಫಜಿ ಎಂದು ಗುರುತಿಸುತ್ತದೆ, ವೆಬ್‌ಲೇಟ್‌ನಲ್ಲಿ ಅದು ‘ತಿದ್ದಬೇಕು’ ಎಂದು ಕಾಣುತ್ತದೆ. ಬಿಲ್ಡ್ ಮಾಡುವಾಗ ಇಂಥ ಸಾಲುಗಳನ್ನು ಬಿಟ್ಟುಬಿಡುತ್ತಾರೆ, ಪರದೆಯಲ್ಲಿ ಇಂಗ್ಲಿಷ್ ಬರುತ್ತದೆ. ಹೋದ ವರ್ಷ ಕನ್ನಡದಲ್ಲಿದ್ದ ಮೆನು ಈ ವರ್ಷ ಅರ್ಧ ಇಂಗ್ಲಿಷ್ ಆಗಲು ಹೆಚ್ಚಾಗಿ ಕಾರಣ ಇದು. ಒಂದು ಚುಕ್ಕಿ ಬದಲಾಗಿದ್ದರೆ ಗುರುತು ತೆಗೆದುಹಾಕಿದರೆ ಸಾಕು, ಆದರೆ ಓದಿ ತೆಗೆಯಿರಿ. ‘ಉಳಿಸಬೇಕೇ’ ಎಂಬುದು ‘ಉಳಿಸಬಾರದೇ’ ಎಂದಾಗಿರುವ ಸಾಲೂ ಅದೇ ರಾಶಿಯಲ್ಲಿರುತ್ತದೆ.

ಹೊಸ ಆವೃತ್ತಿ ಬಂದ ದಿನ ನೀವು ಮೊದಲು ಆರಿಸಿದ್ದ ಅದೇ ಪರದೆಯ ಮುಂದೆ ಹೋಗಿ. ಅಪ್‌ಡೇಟ್ ಮಾಡಿ, ಭಾಷೆ ಬದಲಿಸಿ, ಆ ತಂತ್ರಾಂಶವನ್ನು ಇಂಗ್ಲಿಷಿನಲ್ಲಿ ಎಂದೂ ಬಳಸದ ಒಬ್ಬರನ್ನು ಕೂರಿಸಿ ಐದು ಕೆಲಸ ಹೇಳಿ. ಗ್ರಂಥಾಲಯವಾದರೆ: ಲೇಖಕರ ಹೆಸರಿನಿಂದ ಪುಸ್ತಕ ಹುಡುಕುವುದು, ಅದು ಕಪಾಟಿನಲ್ಲಿದೆಯೇ ನೋಡುವುದು, ಕಾಯ್ದಿರಿಸುವುದು, ತಮ್ಮ ಹೆಸರಿನಲ್ಲಿರುವ ಪುಸ್ತಕ ನೋಡುವುದು, ಅವಧಿ ವಿಸ್ತರಿಸುವುದು. ಪಕ್ಕದಲ್ಲಿ ನಿಂತು ಹೇಳಿಕೊಡಬೇಡಿ. ಬೆರಳು ಎಲ್ಲಿ ನಿಂತಿತು, ಯಾವ ಪದವನ್ನು ಎರಡು ಸಲ ಓದಿದರು, ಎಲ್ಲಿ ‘ಇದೇನ್ರಿ?’ ಎಂದು ಕೇಳಿದರು ಎಂದಷ್ಟೇ ಬರೆದುಕೊಳ್ಳಿ. ಆ ಪದಗಳನ್ನು ಪದಪಟ್ಟಿಯಲ್ಲೇ ತಿದ್ದಿ, ಆಮೇಲೆ ಸಾಲುಗಳಲ್ಲಿ.

ಕೊನೆಗೆ ತಂಡದ ಕ್ಯಾಲೆಂಡರಿನಲ್ಲಿ ಮುಂದಿನ ಸ್ಟ್ರಿಂಗ್ ಫ್ರೀಜ್‌ನ ವಾರ, ಬಿಡುಗಡೆಯ ದಿನ, ಫಜಿ ಸಾಲು ನೋಡುವ ತಿಂಗಳ ಒಂದು ಭಾನುವಾರ ಇವಿಷ್ಟನ್ನು ಹಾಕಿ. ಯೋಜನೆಯಲ್ಲಿ ಒಪ್ಪಿಗೆ ಕೊಡುವ ಅಧಿಕಾರ ಕನಿಷ್ಠ ಇಬ್ಬರಿಗೆ ಇರಲಿ. ಒಬ್ಬರಿಗೆ ಕೆಲಸ ಸಿಕ್ಕು ಬೆಂಗಳೂರಿಗೋ ಪುಣೆಗೋ ಹೋದಾಗ ಸಲಹೆಗಳ ರಾಶಿ ಮತ್ತೆ ಅಲ್ಲೇ ನಿಂತುಬಿಡಬಾರದು.